ಗಿಟಾರ್ ಮಾಡುವವರಿಗೆ ಮೊದಲು ಬೇಕಾದದ್ದು ಅಳತೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹವ್ಯಾಸ ಪುಟದಲ್ಲಿ ಈಚೆಗೆ ಪ್ರಕಟವಾದ, ಮನೆಯ ಕಾರ್ಯಾಗಾರದಲ್ಲಿ ಸಾಲಿಡ್ ಬಾಡಿ, ಅಂದರೆ ಟೊಳ್ಳಿಲ್ಲದ ಒಡಲಿನ, ಎಲೆಕ್ಟ್ರಿಕ್ ಗಿಟಾರ್ ತಯಾರಿಸುವುದನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟದ್ದಕ್ಕಾಗಿ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ಆದರೆ ಲೇಖನದ ಬಹುಪಾಲು ಯಾವ ಮರ ಎಂಥ ನಾದ ಕೊಡುತ್ತದೆ ಎಂಬ ಚರ್ಚೆಗೇ ಸಂದುಹೋಗಿ, ಕತ್ತಿನ ಜೋಡಣೆ, ಮೆಟ್ಟುಗಳ (ಫ್ರೆಟ್‌ಗಳ) ಸ್ಥಾನ, ಮಧ್ಯರೇಖೆ ಇವುಗಳಿಗೆ ಒಂದೆರಡು ವಾಕ್ಯಗಳಷ್ಟೇ ಉಳಿದವು. ಮರದ ದೂಳಿನ ಬಗ್ಗೆಯಂತೂ ಒಂದು ಮಾತೂ ಇರಲಿಲ್ಲ. ಅದನ್ನು ಓದಿದ ಹೊಸಬರು ಅಪರೂಪದ ಮರವನ್ನು ಹುಡುಕುವುದರಲ್ಲೇ ಉತ್ಸಾಹವನ್ನೆಲ್ಲ ಕಳೆದುಕೊಂಡಾರು, ಇಲ್ಲವೇ ಒಳ್ಳೆಯ ಮರ ಸಿಕ್ಕಿತೆಂದು ಅಳತೆಯನ್ನು ಹಗುರವಾಗಿ ತೆಗೆದುಕೊಂಡು ಶ್ರುತಿಗೆ ನಿಲ್ಲದ ವಾದ್ಯವೊಂದನ್ನು ಮಾಡಿಕೊಂಡಾರು ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಎಲೆಕ್ಟ್ರಿಕ್ ಗಿಟಾರಿನ ಆರಂಭದ ದಿನಗಳನ್ನು ನೋಡಿದರೆ ಮರದ ಸ್ಥಾನ ಎಷ್ಟೆಂಬುದು ತಿಳಿಯುತ್ತದೆ. ಜಾರ್ಜ್ ಬೋಶಾಂ ರೂಪಿಸಿ, 1932ರ ಹೊತ್ತಿಗೆ ಮಾರಾಟಕ್ಕೆ ಬಂದು ಮುಂದೆ ರಿಕನ್‌ಬ್ಯಾಕರ್ ಹೆಸರು ಪಡೆದ, ಆಕಾರದಿಂದಾಗಿ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರಾದ ವಾದ್ಯದ ಒಡಲು ಎರಕದ ಅಲ್ಯೂಮಿನಿಯಮ್ಮಿನದು. ಅದರಲ್ಲಿ ನಾದಕ್ಕೆ ಕೊರತೆ ಇರಲಿಲ್ಲ. ಇದ್ದ ತೊಂದರೆ ಬೇರೆ. ವೇದಿಕೆಯ ದೀಪಗಳ ಬಿಸಿಗೆ ಲೋಹ ಹಿಗ್ಗಿ ಶ್ರುತಿ ಕದಲುತ್ತಿತ್ತು. 1940ರ ಆಸುಪಾಸಿನಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಮಾಡಿಕೊಂಡ 'ಲಾಗ್' ಎಂಬ ಗಿಟಾರಿನ ನಡುವೆ ಇದ್ದದ್ದು ನಾಲ್ಕಿಂಚು ಚದರದ ಪೈನ್ ತೊಲೆ. ಅದರ ಎರಡು ಪಕ್ಕಗಳಿಗೆ ಟೊಳ್ಳು ಗಿಟಾರೊಂದರ ಹೋಳುಗಳನ್ನು ಅಂಟಿಸಿದ್ದು ನೋಡುವವರ ಕಣ್ಣಿಗಾಗಿ ಮಾತ್ರ. ರೇಡಿಯೊ ರಿಪೇರಿಯಿಂದ ಈ ಕ್ಷೇತ್ರಕ್ಕೆ ಬಂದ ಲಿಯೊ ಫೆಂಡರ್ 1949ರಲ್ಲಿ ಮಾಡಿದ ಮೊದಲ ಮಾದರಿಯ ಒಡಲೂ ಪೈನ್ ಮರದ್ದೇ. ಸ್ವತಃ ಗಿಟಾರ್ ನುಡಿಸಲು ಬಾರದ ಆ ಮನುಷ್ಯ ಕತ್ತನ್ನು ಅಂಟಿಸುವ ಬದಲು ನಾಲ್ಕು ಸ್ಕ್ರೂಗಳಿಂದ ಒಡಲಿಗೆ ಬಿಗಿಯುವ ವಿಧಾನವನ್ನು ಆರಿಸಿಕೊಂಡರು. 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆದ ಆ ವಿನ್ಯಾಸ ಇಂದಿಗೂ ಮನೆಯಲ್ಲಿ ಕೆಲಸ ಮಾಡುವವರಿಗೆ ಅತ್ಯಂತ ಅನುಕೂಲವಾದದ್ದು. ಚಪ್ಪಟೆ ಹಲಗೆ, ನೇರ ಕತ್ತು, ಬಿಚ್ಚಿ ಮತ್ತೆ ಸರಿಪಡಿಸಬಹುದಾದ ಜೋಡಣೆ.

ಮರಕ್ಕೆ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೆಲಸ ಮಾಡುವ ಬಗೆಯನ್ನು ಅರಿತರೆ ಆ ಪಾತ್ರದ ಮಿತಿ ತಾನಾಗಿ ಗೊತ್ತಾಗುತ್ತದೆ. ತಂತಿಯ ಕೆಳಗಿರುವ ಅಯಸ್ಕಾಂತವು ಉಕ್ಕಿನ ತಂತಿಯನ್ನೇ ಅಯಸ್ಕಾಂತವಾಗಿಸುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚು ಕಡಿಮೆಯಾಗಿ, 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ತ್ವದಂತೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನೈಲಾನ್ ತಂತಿ ಹಾಕಿದರೆ ಇದೇ ಪಿಕಪ್ ಮೌನವಾಗಿರುತ್ತದೆ. ಅಂದರೆ ಪಿಕಪ್ ಕೇಳುವುದು ತನ್ನ ಮೇಲಿನ ತಂತಿಯ ಚಲನೆಯನ್ನು. ಮರದ ಒಡಲು ಮತ್ತು ಕತ್ತು ತಂತಿಯ ತುದಿಗಳನ್ನು ಎಷ್ಟು ಬಿಗಿಯಾಗಿ ಹಿಡಿದಿವೆ, ಅದರ ಕಂಪನದಿಂದ ಎಷ್ಟು ಶಕ್ತಿಯನ್ನು ಹೀರುತ್ತವೆ ಎಂಬುದರಿಂದ ಆ ಚಲನೆ ಸ್ವಲ್ಪ ಬದಲಾಗಬಹುದು. ಇದಕ್ಕೆ ಹೋಲಿಸಿದರೆ ಪಿಕಪ್ಪನ್ನು ಒಂದು ಸೆಂಟಿಮೀಟರ್ ಕುದುರೆಯ, ಅಂದರೆ ಒಡಲಿನ ಮೇಲೆ ತಂತಿಗಳಿಗೆ ಆಧಾರವಾದ ಬ್ರಿಜ್‌ನ, ಕಡೆಗೆ ಸರಿಸಿದಾಗ ಆಗುವ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು. ತಂತಿಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ, ಕುದುರೆಯಿಂದ ಎಣಿಸಿ, ಪಿಕಪ್ ಕೂತರೆ ತೆರೆದ, ಅಂದರೆ ಎಲ್ಲಿಯೂ ಒತ್ತದ, ತಂತಿಯ ನಾಲ್ಕನೆಯ ಉಪಸ್ವರ (ಮೂಲಸ್ವರದ ನಾಲ್ಕು ಪಟ್ಟು ವೇಗದ ಕಂಪನ) ಅಲ್ಲಿ ನಿಶ್ಚಲವಾಗಿರುವುದರಿಂದ ಅದು ಕೇಳಿಸುವುದೇ ಇಲ್ಲ. ಕುದುರೆಗೆ ಹತ್ತಿರವಾದಷ್ಟೂ ಮೇಲಿನ ಉಪಸ್ವರಗಳ ಪಾಲು ಹೆಚ್ಚಿ ದನಿ ಚುರುಕಾಗುತ್ತದೆ. ಇದು ಪೆನ್ಸಿಲ್ ಮತ್ತು ಸ್ಕೇಲಿನಿಂದ ನಿರ್ಧಾರವಾಗುವ ವಿಷಯ. ಮರದ ಬಗ್ಗೆ ಗಂಟೆಗಟ್ಟಲೆ ವಾದಿಸುವವರು ಈ ಒಂದು ಸೆಂಟಿಮೀಟರಿನ ಬಗ್ಗೆ ಯೋಚಿಸುವುದು ಅಪರೂಪವೆಂಬುದು ನನ್ನ ಬಹುದಿನದ ಬೇಸರ.

ಮರವನ್ನು ಆರಿಸುವಾಗ ನೋಡಬೇಕಾದ ಗುಣಗಳು ಸರಳವಾದವು. ಅದು ಚೆನ್ನಾಗಿ ಒಣಗಿರಬೇಕು. ಒಲೆಯಲ್ಲಿ ಒಣಗಿಸಿದ ಮರದಲ್ಲಿ ತೇವಾಂಶ ಸಾಮಾನ್ಯವಾಗಿ ನೂರಕ್ಕೆ 6ರಿಂದ 8ರಷ್ಟು ಇರುತ್ತದೆ. ಅಂಥ ಮರವನ್ನೂ ತಂದ ದಿನವೇ ಕೊಯ್ಯದೆ, ಕೆಲಸ ನಡೆಯುವ ಕೋಣೆಯಲ್ಲೇ ಕೆಲವು ವಾರ ಗಾಳಿಯಾಡುವಂತೆ ಇಟ್ಟು, ಸೊಟ್ಟಗಾಗುವುದಿದ್ದರೆ ಆಗಲಿ ಎಂದು ಕಾಯಬೇಕು. ಒಡಲಿಗೆ ಗಂಟುಗಳಿಲ್ಲದ, ಹೊರೆಯಾಗದ ಮರವಾದರೆ ಸಾಕು. ಆ್ಯಶ್, ಆಲ್ಡರ್, ಮಹಾಗನಿ, ಪೈನ್ ಎಲ್ಲವೂ ಈ ಕೆಲಸಕ್ಕೆ ಬಂದಿವೆ. ಕತ್ತಿನ ಮರದ ವಿಷಯದಲ್ಲಿ ಮಾತ್ರ ರಾಜಿ ಕೂಡದು. ಅದರ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ ಓಡಬೇಕು. ಸಾಮಾನ್ಯ ತೆಳು ತಂತಿಗಳ ಒಂದು ಜೊತೆಯನ್ನು ಶ್ರುತಿ ಮಾಡಿದಾಗ ಆರೂ ತಂತಿಗಳು ಸೇರಿ ಸುಮಾರು 45 ಕಿಲೋಗ್ರಾಂ ತೂಕದಷ್ಟು ಬಲದಿಂದ ಆ ಕತ್ತನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಅದಕ್ಕಾಗಿಯೇ ಕತ್ತಿನೊಳಗೆ ತಿರುಗಿಸಿ ಸರಿಹೊಂದಿಸಬಹುದಾದ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕೂರಿಸುತ್ತಾರೆ. ಗಿಬ್ಸನ್ ಕಂಪನಿಯಲ್ಲಿ 1920ರ ದಶಕದ ಆರಂಭದಲ್ಲಿ ಬಂದ ಈ ಉಪಾಯವನ್ನು ಇಂದು ಬಹುತೇಕ ಎಲ್ಲರೂ ಬಳಸುತ್ತಾರೆ.

ಇನ್ನು ಮೆಟ್ಟುಗಳ ವಿಷಯ. ನನ್ನ ಪ್ರಕಾರ ಇಡೀ ಗಿಟಾರಿನಲ್ಲಿ ಇದಕ್ಕಿಂತ ಸುಂದರವಾದ ಭಾಗವಿಲ್ಲ, ಮತ್ತು ಇದನ್ನೇ ಲೇಖನ 'ಸಿದ್ಧ ಕೋಷ್ಟಕ ನೋಡಿ' ಎಂದು ದಾಟಿಬಿಟ್ಟಿತು. ಸಪ್ತಕವೊಂದನ್ನು ಹನ್ನೆರಡು ಸಮಾನ ಸ್ವರಾಂತರಗಳಾಗಿ ಹಂಚುವಾಗ ಪ್ರತಿ ಮೆಟ್ಟಿಗೂ ತಂತಿಯ ಉಳಿದ ಉದ್ದವು ಎರಡರ ಹನ್ನೆರಡನೆಯ ಮೂಲದಿಂದ, ಅಂದರೆ ಸುಮಾರು 1.05946ರಿಂದ, ಭಾಗವಾಗುತ್ತ ಹೋಗುತ್ತದೆ. ಕೈಲೆಕ್ಕಕ್ಕೆ ಅನುಕೂಲವಾಗುವಂತೆ ಹೇಳುವುದಾದರೆ, ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿನ ಅಂತರ ಸಿಗುತ್ತದೆ. ಫೆಂಡರ್ ಗಿಟಾರುಗಳಲ್ಲಿ ರೂಢಿಯಾದ 25.5 ಇಂಚು, ಅಂದರೆ 648 ಮಿಲಿಮೀಟರ್ ತಂತಿಯುದ್ದವನ್ನು ತೆಗೆದುಕೊಂಡರೆ ಮೊದಲ ಮೆಟ್ಟು ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಗೀರುಪಟ್ಟಿಯಿಂದ) 36.37 ಮಿಲಿಮೀಟರ್ ದೂರದಲ್ಲಿ, ಐದನೆಯದು 162.55ರಲ್ಲಿ, ಏಳನೆಯದು 215.51ರಲ್ಲಿ, ಹನ್ನೆರಡನೆಯದು ಕರಾರುವಾಕ್ಕಾಗಿ ನಡುವೆ, 324ರಲ್ಲಿ, ಬರುತ್ತವೆ. ಇಪ್ಪತ್ತೆರಡನೆಯ ಮೆಟ್ಟಿಗೆ ಬರುವಷ್ಟರಲ್ಲಿ ಎರಡು ಮೆಟ್ಟುಗಳ ನಡುವಣ ಅಂತರ 11 ಮಿಲಿಮೀಟರಿಗಿಂತಲೂ ಕಡಿಮೆಯಾಗಿರುತ್ತದೆ.

ಹಳೆಯ ಕಾಲದ ವಾದ್ಯಕಾರರು 17.817ರ ಬದಲು 18ರಿಂದ ಭಾಗಿಸುತ್ತಿದ್ದರು. ಗೆಲಿಲಿಯೊನ ತಂದೆ, ಲ್ಯೂಟ್ ವಾದಕ ವಿನ್ಸೆಂಜೊ ಗೆಲಿಲಿ 16ನೇ ಶತಮಾನದಲ್ಲಿ ಹೇಳಿದ ಲೆಕ್ಕವದು. ಅದರಂತೆ ನಡೆದರೆ ನಮ್ಮ 648 ಮಿಲಿಮೀಟರ್ ತಂತಿಯಲ್ಲಿ ಹನ್ನೆರಡನೆಯ ಮೆಟ್ಟು ಸುಮಾರು 2.4 ಮಿಲಿಮೀಟರ್ ಹಿಂದೆ, ನಟ್‌ನ ಕಡೆಗೆ, ಬೀಳುತ್ತದೆ. ಕಾಗದದ ಮೇಲೆ ಇದು ಒಂದು ಸ್ವರಾಂತರದ ಎಂಟನೆಯ ಒಂದು ಭಾಗದಷ್ಟು ತಗ್ಗು. ಆದರೆ ಆ ಹಿರಿಯರನ್ನು ಲೆಕ್ಕ ಬಾರದವರೆಂದು ಭಾವಿಸಬಾರದು. ತಂತಿಯನ್ನು ಮೆಟ್ಟಿಗೆ ಒತ್ತಿದಾಗ ಅದು ಕೊಂಚ ಹಿಗ್ಗಿ ಸ್ವರ ಏರುತ್ತದೆ, ಆ ಏರಿಕೆಯನ್ನು ಈ ತಗ್ಗು ಒಂದಿಷ್ಟು ಸರಿದೂಗಿಸುತ್ತಿತ್ತು. ಇಂದಿನ ಗಿಟಾರಿನಲ್ಲಿ ಆ ಕೆಲಸವನ್ನು ಕುದುರೆ ಮಾಡುತ್ತದೆ. ತೆಳು ತಂತಿಯ ಆಧಾರವನ್ನು ಲೆಕ್ಕದ ಉದ್ದಕ್ಕಿಂತ ಒಂದೆರಡು ಮಿಲಿಮೀಟರ್, ದಪ್ಪ ತಂತಿಯದನ್ನು ಅದಕ್ಕಿಂತಲೂ ಹೆಚ್ಚು ಹಿಂದಕ್ಕೆ ಸರಿಸಿ, ತೆರೆದ ತಂತಿಯ ಸ್ವರಕ್ಕೂ ಹನ್ನೆರಡನೆಯ ಮೆಟ್ಟಿನ ಸ್ವರಕ್ಕೂ ಸರಿಯಾಗಿ ಒಂದು ಸಪ್ತಕದ ಅಂತರ ಬರುವಂತೆ ಹೊಂದಿಸುತ್ತಾರೆ. ಆದ್ದರಿಂದ ಕುದುರೆಯನ್ನು ಕೂರಿಸುವಾಗ ತೆಳು ತಂತಿಯ ಆಧಾರವನ್ನು ಬಹುಮಟ್ಟಿಗೆ ಮುಂದಕ್ಕೆ ತಂದು, ಆ ಬಿಂದುವನ್ನು 648ಕ್ಕೆ ಹಿಡಿಯಬೇಕು. ಹಿಂದಕ್ಕೆ ಸರಿಯಲು ಜಾಗ ಉಳಿದಿರಬೇಕು. ಕುದುರೆಯ ನಡುವನ್ನು 648ಕ್ಕೆ ಹಿಡಿದು ರಂಧ್ರ ಕೊರೆದರೆ ದಪ್ಪ ತಂತಿಗೆ ಹಿಂದೆ ಸರಿಯುವ ಅವಕಾಶ ಸಾಲದೇ ಹೋಗಬಹುದು.

ಗುರುತು ಹಾಕುವ ಕ್ರಮವೂ ಮುಖ್ಯವಾದದ್ದು. ಒಂದು ಮೆಟ್ಟಿನಿಂದ ಮುಂದಿನ ಮೆಟ್ಟಿಗೆ ಅಳೆಯುತ್ತ ಹೋದರೆ ಪ್ರತಿ ಬಾರಿಯ ಸಣ್ಣ ತಪ್ಪು ಮುಂದಿನದಕ್ಕೆ ಕೂಡಿಕೊಳ್ಳುತ್ತ, ಕೊನೆಯ ಮೆಟ್ಟುಗಳ ಹೊತ್ತಿಗೆ ಕಿವಿಗೆ ಕೇಳುವಷ್ಟಾಗುತ್ತದೆ. ಉಕ್ಕಿನ ಸ್ಕೇಲನ್ನು ಒಮ್ಮೆ ಬೆರಳುಹಲಗೆಗೆ, ಅಂದರೆ ಕತ್ತಿನ ಮೇಲೆ ಮೆಟ್ಟುಗಳು ಕೂರುವ ಹಲಗೆಗೆ, ಬಿಗಿದು, ಅದನ್ನು ಕದಲಿಸದೆ, ಎಲ್ಲ ಗುರುತುಗಳನ್ನೂ ನಟ್‌ನಿಂದಲೇ ಅಳೆದು ಚೂಪಾದ ಚಾಕುವಿನ ತುದಿಯಿಂದ ಗೀರಬೇಕು. ಪೆನ್ಸಿಲಿನ ಗೆರೆಯೇ ಕೆಲವೊಮ್ಮೆ ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ. ಇಪ್ಪತ್ತೆರಡನೆಯ ಮೆಟ್ಟಿನಲ್ಲಿ ಅರ್ಧ ಮಿಲಿಮೀಟರಿನ ತಪ್ಪೆಂದರೆ ಸ್ವರಾಂತರದ ನೂರರಲ್ಲಿ ಐದು ಭಾಗದಷ್ಟು ಅಪಸ್ವರ. ಮೆಟ್ಟು ಕೂರುವ ತೋಡನ್ನು ಕೊಯ್ಯುವ ಗರಗಸದ ಸೀಳು ಮೆಟ್ಟಿನ ಲೋಹಪಟ್ಟಿಯ ಕಾಲಿಗೆ ಹೊಂದುವಂತೆ ಸುಮಾರು 0.6 ಮಿಲಿಮೀಟರ್ ಇರಬೇಕು, ಮೂಲೆಮಟ್ಟದ ಆಸರೆಯಿಲ್ಲದೆ ಕೊಯ್ಯಕೂಡದು. ಬೀಟೆಯಂಥ ಗಟ್ಟಿ ಮರದಲ್ಲಿ ಈ ಕೆಲಸ ನಿಧಾನವಾಗಿ ಸಾಗುತ್ತದೆ, ಸಾಗಲಿ.

ಮೆಟ್ಟುಗಳಷ್ಟೇ ಗಮನ ಬೇಡುವುದು ಮಧ್ಯರೇಖೆ. ಒಡಲಿಗಾಗಿ ಎರಡು ಹಲಗೆಗಳನ್ನು ಅಂಟಿಸಿದ್ದರೆ ಆ ಬೆಸುಗೆಯ ಗೆರೆಯೇ ಮಧ್ಯರೇಖೆಯಾಗಬಹುದು. ಅದನ್ನು ಕೊನೆಯವರೆಗೂ ಅಳಿಸದೆ ಉಳಿಸಿಕೊಂಡು, ಕತ್ತಿನ ಗೂಡು, ಪಿಕಪ್ಪಿನ ಗುಂಡಿಗಳು, ಕುದುರೆ ಎಲ್ಲವನ್ನೂ ಅದರಿಂದಲೇ ಅಳೆಯಬೇಕು. ಕತ್ತಿನ ಗೂಡು ಬರೀ ಅರ್ಧ ಡಿಗ್ರಿ ಓರೆಯಾದರೂ ತಂತಿಯ ಇಡೀ ಉದ್ದಕ್ಕೆ ಆ ಓರೆ 5 ಮಿಲಿಮೀಟರಿಗೂ ಮೀರಿ ಬೆಳೆಯುತ್ತದೆ, ಮತ್ತು ಅಂಚಿನ ತಂತಿ ನುಡಿಸುವಾಗ ಬೆರಳುಹಲಗೆಯಿಂದ ಜಾರಿ ಬೀಳುತ್ತದೆ. ಇದನ್ನು ತಪ್ಪಿಸುವ ಉಪಾಯ ಬಲು ಸುಲಭ. ಕತ್ತನ್ನು ಗೂಡಿನಲ್ಲಿ ಕೂರಿಸಿದ ಮೇಲೆ, ಕುದುರೆಗೆ ಒಂದು ರಂಧ್ರವನ್ನೂ ಕೊರೆಯುವ ಮೊದಲು, ಎರಡು ಅಂಚಿನ ತಂತಿಗಳ ಜಾಗದಲ್ಲಿ ನಟ್‌ನಿಂದ ಕುದುರೆಯವರೆಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ಎರಡೂ ದಾರಗಳು ಬೆರಳುಹಲಗೆಯ ಅಂಚುಗಳಿಂದ ಸಮಾನ ದೂರದಲ್ಲಿವೆಯೇ ಎಂದು ನೋಡಿ, ಅಗತ್ಯವಾದರೆ ಕುದುರೆಯನ್ನೇ ಕೂದಲೆಳೆಯಷ್ಟು ಸರಿಸಿ, ಆಮೇಲೆ ಗುರುತು ಹಾಕಬೇಕು. ಗೂಡು ಕತ್ತಿಗೆ ಬಿಗಿಯಾಗಿ ಒಪ್ಪುವಂತಿರಬೇಕು. ಸ್ಕ್ರೂ ಹಾಕುವ ಮೊದಲೇ ಒಡಲನ್ನು ಎತ್ತಿದರೆ ಕತ್ತು ತಾನಾಗಿ ನಿಂತಿರಬೇಕು ಎಂಬುದು ಅನುಭವಿಗಳು ಒಪ್ಪುವ ಪರೀಕ್ಷೆ.

ತಲೆಯ ಭಾಗ, ಅಂದರೆ ಬಿರಡೆಗಳಿರುವ ಹಲಗೆ, ಹಿಂದಕ್ಕೆ ಬಾಗಿರುವ ವಿನ್ಯಾಸವನ್ನು ಆರಿಸಿಕೊಳ್ಳುವವರು ಒಂದು ಅಪಾಯವನ್ನು ಅರಿತಿರಬೇಕು. ಒಂದೇ ತುಂಡಿನಿಂದ ಆ ಬಾಗನ್ನು ಕೊರೆದರೆ ಬಾಗಿದ ಜಾಗದಲ್ಲಿ ಮರದ ಎಳೆಗಳು ತುಂಡುತುಂಡಾಗಿ ಅಡ್ಡ ಹಾಯುತ್ತವೆ. ಗಿಟಾರ್ ಒಮ್ಮೆ ಬಿದ್ದರೆ ಅಲ್ಲಿಯೇ ಮುರಿಯುತ್ತದೆ. ಹಲಗೆಯನ್ನು ಓರೆಯಾಗಿ ಕೊಯ್ದು, ಒಂದು ತುಂಡನ್ನು ಮಗುಚಿ ಅಂಟಿಸುವ ಓರೆ ಜೋಡಣೆಯಲ್ಲಿ ಎರಡೂ ಭಾಗಗಳ ಎಳೆಗಳು ಉದ್ದಕ್ಕೂ ಓಡುವುದರಿಂದ ಕತ್ತು ಹೆಚ್ಚು ಗಟ್ಟಿಯಾಗಿರುತ್ತದೆ, ಮರವೂ ಉಳಿಯುತ್ತದೆ. ಕೈಗರಗಸ ಮತ್ತು ಕೀಸುಳಿಯಿಂದ ಮಾಡಬಹುದಾದ ಕೆಲಸವಿದು. ಮೊದಲ ಗಿಟಾರಿಗೆ ಸಿದ್ಧ ಕತ್ತನ್ನೇ ತಂದು ಬಳಸುವವರನ್ನು ಕೀಳಾಗಿ ಕಾಣುವ ಮಾತು ಲೇಖನದಲ್ಲಿತ್ತು; ಅದನ್ನು ನಾನು ಒಪ್ಪಲಾರೆ. ಅವರು ಸಹ ಮಧ್ಯರೇಖೆ ಎಳೆಯಬೇಕು, ಗೂಡು ಕೊರೆಯಬೇಕು, ಕುದುರೆಯ ಸ್ಥಾನ ಲೆಕ್ಕ ಹಾಕಬೇಕು. ಅಷ್ಟನ್ನು ಸರಿಯಾಗಿ ಮಾಡಿದವರು ಗಿಟಾರ್ ಮಾಡಿದವರೇ.

ಸಾಧಾರಣ ಸಾಮಗ್ರಿಯಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಯನ್ ಮೇ ಅವರ 'ರೆಡ್ ಸ್ಪೆಷಲ್' ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹದಿಹರೆಯದ ಬ್ರಯನ್ ಮತ್ತು ಅವರ ತಂದೆ ಹೆರಾಲ್ಡ್ 1963ರಲ್ಲಿ ಮನೆಯಲ್ಲಿಯೇ ಅದನ್ನು ಮಾಡಲು ಆರಂಭಿಸಿದರು. ಕತ್ತಿಗೆ ಬಳಸಿದ್ದು ಹಳೆಯ ಬೆಂಕಿಗೂಡಿನ ಚೌಕಟ್ಟಿನಿಂದ ಬಿಚ್ಚಿದ ಮಹಾಗನಿ. ಅದರಲ್ಲಿದ್ದ ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮರ ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಬ್ಲಾಕ್‌ಬೋರ್ಡ್ ಹಲಗೆ, ಸ್ವರವನ್ನು ಏರಿಳಿಸುವ ಟ್ರೆಮೊಲೊಗೆ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು, ಬೆರಳುಹಲಗೆಯ ಚುಕ್ಕಿಗಳಿಗೆ ಮುತ್ತಿನ ಚಿಪ್ಪಿನ ಗುಂಡಿಗಳು. ಆ ಗಿಟಾರನ್ನೇ ಅವರು 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದರು. ತಂದೆ ಮಗ ಇಬ್ಬರೂ ಯೋಚಿಸಿ, ಲೆಕ್ಕ ಹಾಕಿ, ಪರೀಕ್ಷಿಸಿ ಮುಂದುವರಿದ ರೀತಿಯೇ ಅದರ ಯಶಸ್ಸಿಗೆ ಕಾರಣವೆಂದು ನಾನು ನಂಬುತ್ತೇನೆ.

ವಿದ್ಯುತ್ ಭಾಗದ ಬಗ್ಗೆ ಲೇಖನ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಒಂದು ಸುರುಳಿಯ ಪಿಕಪ್ಪಿಗೆ 250 ಕಿಲೊ ಓಮ್, ಜೋಡಿ ಸುರುಳಿಯ ಹಂಬಕರ್‌ಗೆ 500 ಕಿಲೊ ಓಮ್ ನಿಯಂತ್ರಕಗಳನ್ನು ಬಳಸುವುದು ವಾಡಿಕೆ. ಅದರಲ್ಲಿ ಬಿಟ್ಟುಹೋದ ಒಂದೇ ಸಂಗತಿ, ತಂತಿಗಳನ್ನು ಭೂಸಂಪರ್ಕಕ್ಕೆ ಸೇರಿಸುವ ಒಂದು ವೈರನ್ನು ಕುದುರೆಯ ಅಡಿಗೆ ಒಯ್ಯಬೇಕಾಗುತ್ತದೆ. ಅದರ ರಂಧ್ರವನ್ನು ಬಣ್ಣ ಬಳಿಯುವ ಮೊದಲೇ ಕೊರೆದಿರಬೇಕು. ಗುಂಡಿಗಳ ಒಳಮೈಗೆ ತಾಮ್ರದ ಹಾಳೆ ಅಂಟಿಸಿ ಅದನ್ನೂ ಭೂಸಂಪರ್ಕಕ್ಕೆ ಸೇರಿಸಿದರೆ ಸುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆ ಸಾಕಷ್ಟು ತಗ್ಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ನಾನು ಆಕ್ಷೇಪಿಸಬೇಕಾದದ್ದು ಸುರಕ್ಷತೆಯ ಬಗ್ಗೆ ಲೇಖನ ತಾಳಿದ ಮೌನವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಬೀಟೆಯ ಜಾತಿಯ ಮರಗಳ ದೂಳು ಹಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತದೆ. ಮರಳುಕಾಗದದಿಂದ ಉಜ್ಜುವಾಗ ಏಳುವ, ಕಣ್ಣಿಗೆ ಕಾಣದಷ್ಟು ನವಿರಾದ ದೂಳೇ ಹೆಚ್ಚು ಅಪಾಯಕಾರಿ. ಮೂಗಿಗೆ ಕಟ್ಟಿಕೊಂಡ ಕರವಸ್ತ್ರ ಅದನ್ನು ತಡೆಯುವುದಿಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್95 ದರ್ಜೆಯ ಮುಖಗವಸಾದರೂ ಬೇಕು. ಮನೆಯೊಳಗೆ ಕೆಲಸ ಮಾಡುವವರ ದೂಳನ್ನು ಮನೆಯ ಮಕ್ಕಳೂ ಉಸಿರಾಡುತ್ತಾರೆ. ರೌಟರ್ ಯಂತ್ರದಿಂದ ಗುಂಡಿ ಕೊರೆಯುವಾಗ ಒಂದೇ ಏಟಿಗೆ ಆಳಕ್ಕಿಳಿಯದೆ, ಪ್ರತಿ ಬಾರಿ ಮೂರು ನಾಲ್ಕು ಮಿಲಿಮೀಟರ್ ಮಾತ್ರ ತೆಗೆಯಬೇಕು, ಅಲಗು ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರವನ್ನು ನಡೆಸಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು. ಮೆರುಗಿಗೆ ಅಗಸೆ ಎಣ್ಣೆ ಬಳಸುವವರು ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು; ಒಣಗುವಾಗ ಹುಟ್ಟುವ ಬಿಸಿ ಒಳಗೇ ಉಳಿದು ಅವು ತಾವಾಗಿ ಹೊತ್ತಿಕೊಳ್ಳಬಲ್ಲವು. ಬಿಡಿಸಿ ಹರಡಿ, ಹೊರಗೆ ಒಣಗಿಸಬೇಕು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ದೂಳು ಮತ್ತು ಎಣ್ಣೆ ಬಟ್ಟೆಯ ಬಗೆಗಿನ ಎಚ್ಚರಿಕೆಯನ್ನು ಆದಷ್ಟು ಬೇಗ ಪ್ರಕಟಿಸಬೇಕು. ಲೇಖನ ಓದಿ ಈಗಾಗಲೇ ಕೆಲಸ ಆರಂಭಿಸಿದವರಿಗೆ ಅದು ತಲುಪಬೇಕು. ಲೇಖನದ ಎರಡನೆಯ ಕಂತು ಬರುವುದಿದ್ದರೆ, 648 ಮಿಲಿಮೀಟರ್ ತಂತಿಯುದ್ದಕ್ಕೆ ಇಪ್ಪತ್ತೆರಡೂ ಮೆಟ್ಟುಗಳ ದೂರವನ್ನು ಒಂದರಿಂದ ಇನ್ನೊಂದಕ್ಕೆ ಕೊಡದೆ, ಎಲ್ಲವನ್ನೂ ನಟ್‌ನಿಂದಲೇ ಅಳೆದು, ಮಿಲಿಮೀಟರಿನ ನೂರನೆಯ ಭಾಗದವರೆಗೆ ಅಚ್ಚು ಹಾಕಿಸಬೇಕು.

ಇಂತಿ,
ತಮ್ಮ ಪತ್ರಿಕೆಯ ಓದುಗ